ಬಾಡಿಗೆ ಮನೆ ಎಂದರೇನು? ಮಕ್ಕಳಿಗೆ ತಿಳಿಹೇಳುವ ಬಗೆ

ಗೋಡೆಗೆ ಮೊಳೆ ಹೊಡೆಯಬೇಡ, ಬಣ್ಣದ ಕಡ್ಡಿಯಿಂದ ಗೀಚಬೇಡ, ಮಾಲೀಕರು ಕೆಳಗಿದ್ದಾರೆ ಕುಣಿಯಬೇಡ. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಬೆಳೆಯುವ ಅನೇಕ ಮಕ್ಕಳಿಗೆ 'ಬಾಡಿಗೆ' ಎಂಬ ಪದದ ಪರಿಚಯವಾಗುವುದು ಇಂತಹ ನಿಷೇಧಗಳಿಂದಲೇ. ಐದಾರು ವರ್ಷದ ಮಗು 'ಹಾಗಾದರೆ ಇದು ನಮ್ಮ ಮನೆ ಅಲ್ಲವೇ?' ಎಂದು ಕೇಳಿದಾಗ ಹಿರಿಯರು ಮಾತು ತೇಲಿಸಿಬಿಡುವುದುಂಟು.

ಗ್ರಂಥಾಲಯದ ಪುಸ್ತಕದ ಹೋಲಿಕೆ ಸುಲಭವಾಗಿ ನೆನಪಿಗೆ ಬರುತ್ತದಾದರೂ ಅದಕ್ಕೆ ತಿಂಗಳು ತಿಂಗಳು ಹಣ ಕೊಡುವುದಿಲ್ಲ. ಮದುವೆಗೆ ತರಿಸುವ ಶಾಮಿಯಾನ, ಕುರ್ಚಿಗಳೇ ಇಲ್ಲಿ ಹೆಚ್ಚು ಒಪ್ಪುತ್ತವೆ. ಅವು ಬೇರೆಯವರ ವಸ್ತುಗಳು. ಹಣ ಕೊಟ್ಟಷ್ಟು ದಿನ ಬಳಸುವ ಹಕ್ಕು ನಮ್ಮದು. ಮನೆಯೂ ಹಾಗೆಯೇ. ಅದು ಮಾಲೀಕರ ದಾಕ್ಷಿಣ್ಯವಲ್ಲ ಎಂಬುದನ್ನು ಮಗುವಿಗೆ ಹೇಳಲೇಬೇಕು. ಬಾಡಿಗೆ ಪಾವತಿಸಿ ಷರತ್ತು ಪಾಲಿಸುವವರೆಗೆ ಅಡ್ಡಿಯಿಲ್ಲದೆ ವಾಸಿಸುವ ಅವಕಾಶವನ್ನು 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ನೀಡಿದೆ.

ಮುಂಗಡವನ್ನು ವಿವರಿಸುವುದು ತುಸು ಕಷ್ಟ. ಮನೆಯನ್ನು ಜೋಪಾನವಾಗಿ ನೋಡಿಕೊಳ್ಳುತ್ತೇವೆಂಬ ಭರವಸೆಗೆ ಮಾಲೀಕರ ಬಳಿ ಇಡುವ ಹಣವಿದು; ಬಿಡುವಾಗ ಮರಳಿ ಬರಬೇಕು. ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳುವುದು ಬೆಂಗಳೂರಿನ ಹಳೆಯ ರೂಢಿ. 15,000 ರೂಪಾಯಿ ಬಾಡಿಗೆಯ ಮನೆಗೆ ಅದು ಒಂದೂವರೆ ಲಕ್ಷವಾಗುತ್ತದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಸೂಚಿಸಿದೆಯಾದರೂ, ಅದನ್ನು ಜಾರಿಗೆ ತರುವುದು ರಾಜ್ಯಗಳಿಗೆ ಬಿಟ್ಟ ವಿಷಯ. ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವ ವಾಡಿಕೆಯೂ ಇದೆ. ಮಗು ಗೋಡೆಗೆ ಗೀಚಿದ್ದರೂ ಅಷ್ಟೇ, ಗೀಚದಿದ್ದರೂ ಅಷ್ಟೇ!

ಮಕ್ಕಳ ಕಿವಿಗೆ ಬಿದ್ದು ಹೆದರಿಸುವ ಇನ್ನೊಂದು ಮಾತು 'ಹನ್ನೊಂದು ತಿಂಗಳ ಅಗ್ರಿಮೆಂಟ್'. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸುವುದು ಕಡ್ಡಾಯ. ಅದನ್ನು ತಪ್ಪಿಸಲು ಹನ್ನೊಂದಕ್ಕೆ ನಿಲ್ಲಿಸಲಾಗುತ್ತದೆ. ಅವಧಿ ಮುಗಿದಾಗ ಬಾಡಿಗೆ ಸ್ವಲ್ಪ ಏರಿಸಿ ಕರಾರು ನವೀಕರಿಸುವುದೇ ಸಾಮಾನ್ಯ.

'ನಮ್ಮನ್ನು ಹೊರಗೆ ಹಾಕುತ್ತಾರಾ?' ಎಂಬ ಪ್ರಶ್ನೆಗೆ ಮಾತ್ರ ಸುಳ್ಳು ಸಮಾಧಾನ ಸಲ್ಲದು. ರಾತ್ರೋರಾತ್ರಿ ಯಾರೂ ಹಾಗೆ ಮಾಡುವಂತಿಲ್ಲ, ಮೊದಲೇ ತಿಳಿಸಬೇಕು. ತಕರಾರಾದರೆ ನ್ಯಾಯಾಲಯವಿದೆ ಎನ್ನಬಹುದು. ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಗೆ ಕಾನೂನು ಹೇಳುವುದು 15 ದಿನಗಳ ನೋಟಿಸು. ಆದರೆ 'ಎಂದೂ ಬಿಡುವುದಿಲ್ಲ' ಎಂದು ಮಾತು ಕೊಟ್ಟರೆ, ಬಿಡಬೇಕಾಗಿ ಬಂದ ದಿನ ಮಗು ಪೋಷಕರ ಬೇರೆ ಮಾತುಗಳನ್ನೂ ಶಂಕಿಸುತ್ತದೆ. ಬಾಡಿಗೆ ಬಾಕಿಯ ಲೆಕ್ಕ ಮಾತ್ರ ಅದಕ್ಕೆ ಬೇಡ.

ಮನೆ ಬದಲಿಸುವುದು ಖಚಿತವಾದರೆ, ಬ್ರೋಕರ್ ಬಾಯಿಂದಲೋ ನೆರೆಯವರಿಂದಲೋ ಕೇಳುವ ಮೊದಲೇ ಮಗುವಿಗೆ ತಿಳಿಸುವುದು ಲೇಸು. ಶಾಲೆ ಅದೇ ಇರುತ್ತದೆಯೇ, ಗೆಳೆಯರು ಎಷ್ಟು ದೂರವಾಗುತ್ತಾರೆ ಎಂಬುದೇ ಅದರ ಮೊದಲ ಚಿಂತೆ. ಸಾಮಾನು ಸಾಗಿಸುವ ಮುನ್ನ ಒಮ್ಮೆ ಹೊಸ ಮನೆಯನ್ನು ತೋರಿಸಿ, ಅಲ್ಲಿ ಹಾಲು ಉಕ್ಕಿಸುವಾಗ ಅದನ್ನೂ ಒಲೆಯ ಬಳಿ ನಿಲ್ಲಿಸಿಕೊಳ್ಳಬಹುದು.