ಅತ್ತಿಮಬ್ಬೆ: ಶೋಕದಿಂದ ದಾನದೆಡೆಗೆ

ಇಷ್ಟವಿಯೋಗದಿಂದ ಹುಟ್ಟುವ ದುಃಖಚಿಂತನೆಯನ್ನು ಜೈನಾಚಾರ್ಯರು ಆರ್ತಧ್ಯಾನದ ಒಂದು ಭೇದವೆಂದು ಎಣಿಸಿದ್ದಾರೆ. ಅದು ಜೀವವನ್ನು ಕರ್ಮಬಂಧದಲ್ಲಿ ಬಿಗಿಯುತ್ತದೆ. ಪ್ರಿಯರನ್ನು ಕಳೆದುಕೊಂಡವರು ಕಣ್ಣೀರಿಡಬಾರದೆಂದು ಇದರ ಅರ್ಥವಲ್ಲ. ಆ ಕಣ್ಣೀರಿನಲ್ಲಿಯೇ ಬಾಳು ಮುಳುಗಿಹೋಗಬಾರದೆಂಬುದು ತಾತ್ಪರ್ಯ. ಸಾವಿರ ವರ್ಷಗಳ ಹಿಂದೆ ಕನ್ನಡ ನಾಡಿನಲ್ಲಿ ಬಾಳಿದ ಅತ್ತಿಮಬ್ಬೆ ಇದಕ್ಕೆ ನಿದರ್ಶನಳಾಗಿದ್ದಾಳೆ.

ಅತ್ತಿಮಬ್ಬೆ ಮಲ್ಲಪನ ಮಗಳು. ಆಕೆಯೂ ತಂಗಿ ಗುಂಡಮಬ್ಬೆಯೂ ಚಾಲುಕ್ಯರ ಮಂತ್ರಿ ದಲ್ಲಪನ ಮಗನಾದ ವೀರ ನಾಗದೇವನ ಕೈಹಿಡಿದಿದ್ದರು. ನಾಗದೇವನು ಅಕಾಲದಲ್ಲಿ ಮಡಿದಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಪತಿಯನ್ನೂ ಒಡಹುಟ್ಟಿದವಳನ್ನೂ ಒಮ್ಮೆಗೇ ಕಳೆದುಕೊಂಡ ಅತ್ತಿಮಬ್ಬೆ, ಮಗ ಅಣ್ಣಿಗದೇವನಿಗಾಗಿ ಉಳಿದಳು. ವ್ರತನಿಯಮಗಳ ಬಾಳನ್ನು ಕೈಗೊಂಡಳು.

ಸಹಗಮನವನ್ನು ಕೊಂಡಾಡುತ್ತಿದ್ದ ಕಾಲವದು. ಆದರೆ ಅದಕ್ಕೆ ಎಷ್ಟೋ ಮೊದಲೇ ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ, ಪುಣ್ಯವೆಂದು ಭಾವಿಸಿ ಬೆಂಕಿಗೆ ಬೀಳುವುದನ್ನು ಲೋಕಮೂಢತೆಗಳ ಸಾಲಿಗೆ ಸೇರಿಸಿದ್ದರು. ದೇಹವನ್ನು ಸುಟ್ಟ ಮಾತ್ರಕ್ಕೆ ಕರ್ಮವು ಸುಡುವುದಿಲ್ಲ. ಸಂಯಮಕ್ಕೆ ಅವಕಾಶವಿರುವುದು ದುರ್ಲಭವಾದ ಈ ಮನುಷ್ಯಜನ್ಮದಲ್ಲಿಯೇ. ತಂಗಿಯ ದಾರಿಯನ್ನು ನಿಂದಿಸದೆಯೂ ಅಕ್ಕನ ದಾರಿಯ ಹಿರಿಮೆಯನ್ನು ನಾವು ಅರಿಯಬಹುದು.

ಅತ್ತಿಮಬ್ಬೆಯ ಶ್ರದ್ಧೆ ದಾನವಾಗಿ ಹರಿಯಿತು. ತಂದೆ ಮಲ್ಲಪನೂ ಆತನ ತಮ್ಮ ಪುನ್ನಮಯ್ಯನೂ ಪೊನ್ನನಿಂದ ಬರೆಯಿಸಿದ್ದ ಶಾಂತಿಪುರಾಣದ 1000 ಪ್ರತಿಗಳನ್ನು ಆಕೆ ಮಾಡಿಸಿ ಹಂಚಿದಳು. ಪ್ರತಿಯೊಂದು ಓಲೆಯನ್ನೂ ಲಿಪಿಕಾರನು ಕಂಟದಿಂದ ಕೊರೆಯಬೇಕಾಗಿದ್ದ ಕಾಲದ ಶಾಸ್ತ್ರದಾನವಿದು. 1500 ಜಿನಬಿಂಬಗಳನ್ನು ಮಾಡಿಸಿ ಕೊಟ್ಟಳೆಂಬ ಖ್ಯಾತಿಯೂ ಆಕೆಗಿದೆ. ಆಕೆಯ ಆಶ್ರಯದಲ್ಲಿ ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಿ, ಅದರಲ್ಲಿ ಆಕೆಯ ಚರಿತ್ರೆಯನ್ನೂ ಉಳಿಸಿದನು. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. ಅಲ್ಲಿನ 1007ರ ಶಾಸನ ಆಕೆಯ ಗುಣಗಳನ್ನು ಸಾರುತ್ತದೆ. ನಾಡು ಆಕೆಯನ್ನು ‘ದಾನಚಿಂತಾಮಣಿ’ ಎಂದು ಕರೆಯಿತು.

ದಾನವೆಂದರೆ ‘ನನ್ನದು’ ಎಂಬ ಮಮಕಾರವನ್ನು ಸಡಿಲಿಸುವ ಅಭ್ಯಾಸ. ಅತಿ ಪ್ರಿಯವಾದುದನ್ನು ವಿಧಿಯು ಕಸಿದುಕೊಂಡ ಮೇಲೆ, ಉಳಿದುದನ್ನು ಬಿಗಿಹಿಡಿದು ಕುಳಿತುಕೊಳ್ಳುವುದು ಮನಸ್ಸಿನ ಸಹಜ ಒಲವು. ಅತ್ತಿಮಬ್ಬೆ ತನ್ನ ಕೈಯಾರೆ ಕೊಡುತ್ತ ಹೋದಳು. ಕಳೆದುಕೊಳ್ಳುವುದು ಪರವಶತೆ, ಕೊಡುವುದು ಸ್ವಾತಂತ್ರ್ಯ. ವೈಧವ್ಯವನ್ನು ಬಾಳಿನ ಕೊನೆಯೆಂದು ಬಗೆಯದೆ ಧರ್ಮಸಾಧನೆಯ ಆರಂಭವಾಗಿಸಿಕೊಂಡ ಈ ಶ್ರಾವಕಿಯ ಚರಿತ್ರೆ, ದುಃಖದಲ್ಲಿ ಕುಳಿತವರಿಗೆ ಎದ್ದು ನಿಲ್ಲುವ ಧೈರ್ಯವನ್ನು ನೀಡಲಿ. ಅಂಥವರ ನೆರೆಹೊರೆಯಲ್ಲಿರುವ ನಮಗೆ, ಅವರನ್ನು ಅಮಂಗಳವೆಂದು ದೂರವಿಡದ ವಿವೇಕವನ್ನೂ ನೀಡಲಿ.