ಕಡಲ ತಳದ ತಂತಿಗೆ ಕಾವಲು

ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ 1850ರ ಆಗಸ್ಟಿನಲ್ಲಿ ಹಾಸಿದ ಮೊದಲ ಕಡಲತಂತಿ ಹಾಸಿದ ಮರುದಿನವೇ ಮೂಕವಾಯಿತು. ಫ್ರೆಂಚ್ ಬೆಸ್ತನೊಬ್ಬನ ಬಲೆಗೆ ಅದು ಸಿಕ್ಕಿತೆಂದೂ, ಮರದಂಟಿನ ಹೊದಿಕೆಯೊಳಗೆ ಹೊಳೆಯುತ್ತಿದ್ದ ತಾಮ್ರವನ್ನು ಕಂಡು, ಹೊನ್ನು ತುಂಬಿದ ಯಾವುದೋ ಕಡಲಪಾಚಿಯೆಂದು ಭ್ರಮಿಸಿ ಅವನು ಒಂದು ತುಂಡನ್ನು ಕತ್ತರಿಸಿಕೊಂಡನೆಂದೂ ಕಥೆಯಿದೆ. ಈ ಕಥೆಯನ್ನು ಕಟ್ಟಿದವರು ಬೆಸ್ತರಾಗಿರಲಾರರು ಎಂದು ನನ್ನ ಗುಮಾನಿ.

ಮರುವರ್ಷ ಕಬ್ಬಿಣದ ಕವಚ ತೊಟ್ಟ ತಂತಿ ಬಂತು. 1866ರಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಸ್ಥಿರವಾದ ತಂತಿ ಬಿತ್ತು. 1870ರಲ್ಲಿ 'ಗ್ರೇಟ್ ಈಸ್ಟರ್ನ್' ಎಂಬ ಭಾರೀ ಹಡಗು ಮುಂಬಯಿಯಿಂದ ಏಡನ್ನಿಗೆ ತಂತಿಯನ್ನು ಹಾಸಿತು. ಆದರೆ ನಡುಗಡಲು ಯಾರ ಸೊತ್ತೂ ಅಲ್ಲ. ಅಲ್ಲಿ ತಂತಿ ಕಡಿದವನನ್ನು ಯಾವ ಕಾಯಿದೆಯಿಂದ ಹಿಡಿಯುವುದು?

ಈ ಪ್ರಶ್ನೆಗೆ ಉತ್ತರವಾಗಿ 1884ರ ಮಾರ್ಚ್ 14ರಂದು ಪ್ಯಾರಿಸ್ಸಿನಲ್ಲಿ ಹಲವು ರಾಷ್ಟ್ರಗಳು ಒಪ್ಪಂದಕ್ಕೆ ಸಹಿ ಹಾಕಿದವು. 1888ರಲ್ಲಿ ಅದು ಜಾರಿಗೆ ಬಂತು. ಬೇಕೆಂದೋ ಅಲಕ್ಷ್ಯದಿಂದಲೋ ತಂತಿಯನ್ನು ಕೆಡಿಸುವುದು ದಂಡನೀಯ. ಪ್ರಾಣವನ್ನೋ ಹಡಗನ್ನೋ ಉಳಿಸಿಕೊಳ್ಳಲು ಹಾಗೆ ಮಾಡಿದವನಿಗೆ ಕ್ಷಮೆಯುಂಟು. ವಿಚಾರಣೆ ಮಾತ್ರ ಆ ಹಡಗು ಯಾವ ದೇಶದ್ದೋ ಆ ದೇಶದ ನ್ಯಾಯಾಲಯದಲ್ಲೇ. ನನ್ನ ಮನಸ್ಸನ್ನು ಸೆಳೆದದ್ದು ಏಳನೆಯ ಕಲಮು. ತಂತಿಗೆ ಹಾನಿಯಾಗಬಾರದೆಂದು ತನ್ನ ಲಂಗರನ್ನೋ ಬಲೆಯನ್ನೋ ನೀರಿಗೆ ಬಿಟ್ಟುಕೊಟ್ಟವನಿಗೆ ತಂತಿಯ ಒಡೆಯ ಅದರ ಬೆಲೆ ಕಟ್ಟಿಕೊಡಬೇಕು. ಬಲೆ ಹೋದರೆ ಬೆಸ್ತನ ಒಲೆ ಉರಿಯದೆಂಬುದನ್ನು ಅರಿತ ಯಾರೋ ಆ ಮೇಜಿನ ಬಳಿ ಕುಳಿತಿದ್ದಿರಬೇಕು. ತಂತಿಗೆ ನೂರು ಪೋಲೀಸರಿಗಿಂತ ಆ ಕಲಮೇ ಹೆಚ್ಚಿನ ಕಾವಲೆಂದು ನನಗೆ ತೋರುತ್ತದೆ.

ಹದಿನೈದನೆಯ ಕಲಮಿನ ಬಗೆ ಬೇರೆ. ಯುದ್ಧದಲ್ಲಿ ತೊಡಗಿದ ರಾಷ್ಟ್ರಗಳ ಸ್ವಾತಂತ್ರ್ಯಕ್ಕೆ ಈ ಒಪ್ಪಂದ ಅಡ್ಡಿಯಾಗದೆಂದು ಅದು ಹೇಳುತ್ತದೆ. ಅಂದರೆ, ಬೆಸ್ತನು ಕಡಿದರೆ ಅಪರಾಧ, ಸರ್ಕಾರ ಕಡಿದರೆ ಯುದ್ಧನೀತಿ. 1914ರ ಆಗಸ್ಟ್ 5ರಂದು, ಯುದ್ಧ ಸಾರಿದ ಕೆಲವೇ ಗಂಟೆಗಳಲ್ಲಿ, 'ಅಲರ್ಟ್' ಎಂಬ ಬ್ರಿಟಿಷ್ ಹಡಗು ಜರ್ಮನಿಯ ತಂತಿಗಳನ್ನು ಕೊಕ್ಕೆ ಹಾಕಿ ಎತ್ತಿ ಕತ್ತರಿಸಿತು. ಮದರಾಸಿನ ಎಣ್ಣೆ ತೊಟ್ಟಿಗಳಿಗೆ ಗುಂಡಿಟ್ಟ 'ಎಮ್ಡೆನ್' ಅದೇ ನವೆಂಬರ್ 9ರಂದು ಕೋಕೋಸ್ ದ್ವೀಪದ ತಂತಿ ಠಾಣೆಗೆ ಜನರನ್ನು ಇಳಿಸಿತು. ಅವರು ತಂತಿ ಕಡಿಯುವ ಮೊದಲೇ ಠಾಣೆಯವರು ನಿಸ್ತಂತುವಿನಲ್ಲಿ ಮೊರೆಯಿಟ್ಟಿದ್ದರು. 'ಸಿಡ್ನಿ' ಎಂಬ ಆಸ್ಟ್ರೇಲಿಯದ ಸಮರನೌಕೆ ಬಂದು ಎಮ್ಡೆನ್ನಿನ ಕಥೆ ಮುಗಿಸಿತು.

ಶಾಂತಿಕಾಲದಲ್ಲಿ ಆ ಹಳೆಯ ಒಪ್ಪಂದ ಎದ್ದು ನಿಂತದ್ದು 1959ರ ಫೆಬ್ರವರಿಯಲ್ಲಿ. ನ್ಯೂಫೌಂಡ್‌ಲೆಂಡಿನ ಬಳಿ ಐದು ತಂತಿಗಳು ಹರಿದಾಗ, ಅಮೆರಿಕದ ನಾವಿಕರು ಅದರ ಹತ್ತನೆಯ ಕಲಮನ್ನು ಹಿಡಿದು, 'ನೋವೊರೊಸ್ಸಿಸ್ಕ್' ಎಂಬ ಸೋವಿಯತ್ ಮೀನುದೋಣಿಯನ್ನು ಹತ್ತಿ ಕಾಗದಪತ್ರ ನೋಡಿದರು. ಬೇಕೆಂದೇ ಕಡಿದ ಕುರುಹು ಸಿಗಲಿಲ್ಲ. ಸೋವಿಯತ್ ಸರ್ಕಾರ ಪ್ರತಿಭಟಿಸಿತು.

ಈಗ ತಾಮ್ರದ ಬದಲು ಗಾಜಿನ ಎಳೆ. ಖಂಡಗಳ ನಡುವಣ ಮಾತುಕತೆ, ಹಣದ ವ್ಯವಹಾರಗಳೆಲ್ಲ ಬಹುಮಟ್ಟಿಗೆ ಆ ಎಳೆಯಲ್ಲೇ ಹರಿಯುತ್ತವೆ. 2024ರ ಕ್ರಿಸ್‌ಮಸ್ ದಿನ, ಕುಕ್ ದ್ವೀಪಗಳ ಬಾವುಟ ಹೊತ್ತ 'ಈಗಲ್ ಎಸ್' ಎಂಬ ತೈಲದ ಹಡಗಿನ ಲಂಗರು ಫಿನ್ಲೆಂಡ್ ಕೊಲ್ಲಿಯ ತಳವನ್ನು ಉಳುತ್ತ ಸಾಗಿದಾಗ, ಒಂದು ವಿದ್ಯುತ್ ಕೇಬಲ್ಲೂ ನಾಲ್ಕು ಸಂಪರ್ಕ ಕೇಬಲ್ಲುಗಳೂ ಹರಿದವು. ಫಿನ್ಲೆಂಡಿನವರು ಹಡಗನ್ನು ಹಿಡಿದು, ಕಪ್ತಾನನ ಮೇಲೂ ಇಬ್ಬರು ಅಧಿಕಾರಿಗಳ ಮೇಲೂ ಮೊಕದ್ದಮೆ ಹೂಡಿದರು. 2025ರ ಅಕ್ಟೋಬರಿನಲ್ಲಿ ಹೆಲ್ಸಿಂಕಿಯ ಜಿಲ್ಲಾ ನ್ಯಾಯಾಲಯ, ಹಾನಿ ನಡೆದದ್ದು ದೇಶದ ಜಲಸೀಮೆಯ ಆಚೆಯಾದ್ದರಿಂದ ವಿಚಾರಣೆಯ ಅಧಿಕಾರ ತನಗಿಲ್ಲವೆಂದು ಪ್ರಕರಣವನ್ನು ಕೈಬಿಟ್ಟಿತು. ಆಪಾದಿತರ ವಕೀಲರ ಖರ್ಚನ್ನು ಸರ್ಕಾರವೇ ತೆರಬೇಕೆಂದೂ ವಿಧಿಸಿತು.