ವರ್ಮಿಸೆಲ್ಲಿ ಅಂದ್ರೆ ಪುಟ್ಟ ಹುಳು: ಶಾವಿಗೆ ಪ್ಯಾಕೆಟ್ ಮೇಲಿನ ಇಟಾಲಿಯನ್ ಪದದ ಕಥೆ

ಇವತ್ತಿನ ಸಂಚಿಕೆ ಒಂದೇ ಒಂದು ಪದದ ಬಗ್ಗೆ: ವರ್ಮಿಸೆಲ್ಲಿ. ನಮ್ಮ ಅಂಗಡಿಗಳ ಶಾವಿಗೆ ಪ್ಯಾಕೆಟ್ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತಲ್ಲ, ಅದೇ.

ಹೊಲ, ತೋಟ ಇರೋರಿಗೆ ಇದರ ಅರ್ಧ ಪದ ಆಗಲೇ ಗೊತ್ತು. ವರ್ಮಿಕಾಂಪೋಸ್ಟ್, ಅಂದ್ರೆ ಎರೆಹುಳು ಗೊಬ್ಬರ. ಎರಡರ ಮೂಲವೂ ‘ವರ್ಮಿಸ್’ ಅನ್ನೋ ಲ್ಯಾಟಿನ್ ಪದ, ಅರ್ಥ ಹುಳು. ಇಟಾಲಿಯನ್ನರ ಬಾಯಲ್ಲಿ ಅದು ‘ವೆರ್ಮಿಚೆಲ್ಲಿ’, ಪುಟ್ಟ ಹುಳುಗಳು. ಸ್ಪಗೆಟ್ಟಿ ಅಂದ್ರೂ ಅಷ್ಟೇ, ಸಣ್ಣ ದಾರಗಳು. 15ನೇ ಶತಮಾನದ ಇಟಲಿಯ ಬಾಣಸಿಗ ಮಾರ್ತಿನೋ ಬರೆದ ಅಡುಗೆ ಪುಸ್ತಕದಲ್ಲೇ ವೆರ್ಮಿಚೆಲ್ಲಿ ಇದೆ.

ಆದ್ರೆ ಈ ಹೆಸರು ಹೇಳೋದು ಆಕಾರ ಮಾತ್ರ. ತಿನಿಸು ಎಲ್ಲಿಂದ ಬಂತು ಅಂತ ಕೇಳಿದ್ರೆ ತುಂಬಾ ಜನ ಹೇಳೋ ಉತ್ತರ ಒಂದೇ: ಮಾರ್ಕೋ ಪೋಲೋ ಚೀನಾದಿಂದ ತಂದ. 1929ರಲ್ಲಿ ಅಮೆರಿಕದ ಪಾಸ್ತಾ ತಯಾರಕರ ಪತ್ರಿಕೆ ‘ಮ್ಯಾಕರೋನಿ ಜರ್ನಲ್’ ಅಂಥದ್ದೊಂದು ಕಥೆ ಅಚ್ಚು ಹಾಕಿತ್ತು. ಅದರಲ್ಲಿ ಪೋಲೋನ ಹಡಗಿನ ನಾವಿಕನೊಬ್ಬನ ಹೆಸರೇ ಸ್ಪಗೆಟ್ಟಿ!

ನಾನು ಓದಿದ್ದು ಕಾಮರ್ಸ್. ಹಾಗಾಗಿ ಕಥೆಗಿಂತ ಮೊದಲು ಲೆಕ್ಕಪತ್ರ ನೋಡೋದು ನನ್ನ ಅಭ್ಯಾಸ. ಪೋಲೋ ವೆನಿಸ್‌ಗೆ ವಾಪಸ್ ಬಂದಿದ್ದು 1295ರಲ್ಲಿ. ಅದಕ್ಕೂ 16 ವರ್ಷ ಮುಂಚೆ, 1279ರಲ್ಲಿ, ಜಿನೋವಾ ನಗರದ ನೋಟರಿಯೊಬ್ಬರು ಒಬ್ಬ ಸೈನಿಕನ ಆಸ್ತಿ ಪಟ್ಟಿ ಬರೆದರು. ಆ ಪಟ್ಟಿಯಲ್ಲಿ ಒಂದು ಬುಟ್ಟಿ ತುಂಬ ಮ್ಯಾಕರೋನಿ ಇದೆ. ಹಾಳಾಗದ ಒಣ ಸರಕು ಆಗಿದ್ದರಿಂದಲೇ ಅದು ಆಸ್ತಿ ಲೆಕ್ಕಕ್ಕೆ ಬಂದಿರಬೇಕು.

ಇನ್ನೂ ಹಿಂದಕ್ಕೆ ಹೋದ್ರೆ ಸಿಸಿಲಿ ದ್ವೀಪ. ಅಲ್ಲಿ ಎರಡು ಶತಮಾನಕ್ಕೂ ಹೆಚ್ಚು ಕಾಲ ಅರಬರ ಆಳ್ವಿಕೆ ಇತ್ತು; ಆಮೇಲೆ ನಾರ್ಮನ್ನರು ಬಂದರು. ಅವರ ದೊರೆ ಎರಡನೇ ರೋಜರ್‌ನ ಆಸ್ಥಾನದಲ್ಲಿದ್ದ ಭೂಗೋಳಜ್ಞ ಅಲ್-ಇದ್ರಿಸಿ 1154ರಲ್ಲಿ ಮುಗಿಸಿದ ಗ್ರಂಥದಲ್ಲಿ ಟ್ರಾಬಿಯಾ ಅನ್ನೋ ಊರಿನ ವಿಷಯ ಬರುತ್ತೆ. ಅಲ್ಲಿ ನೀರಿನಿಂದ ತಿರುಗೋ ಗಿರಣಿಗಳಿದ್ದವು, ‘ಇತ್ರಿಯಾ’ ಹೇರಳವಾಗಿ ತಯಾರಾಗ್ತಿತ್ತು, ಮುಸ್ಲಿಂ ನಾಡುಗಳಿಗೂ ಕ್ರೈಸ್ತ ನಾಡುಗಳಿಗೂ ಹಡಗುಗಟ್ಟಲೆ ಹೋಗ್ತಿತ್ತು ಅಂತಾನೆ ಆತ. ಇತ್ರಿಯಾ ಅಂದ್ರೆ ಹಿಟ್ಟಿನ ಒಣ ಎಳೆಗಳಿಗೆ ಅರಬ್ಬಿ ಹೆಸರು.

ಅಂದ್ರೆ ಪೋಲೋ ಹುಟ್ಟೋಕೆ ನೂರು ವರ್ಷ ಮುಂಚೆಯೇ ಇದು ಎಕ್ಸ್‌ಪೋರ್ಟ್ ಸರಕು! ಒಬ್ಬ ಹೀರೋ ಹಡಗು ಹತ್ತಿ ತಂದ ಅಂತ ಹೇಳೋದು ಸುಲಭ. ಆದ್ರೆ ಹಾಗೆ ಹೇಳಿದಾಗ ಗಿರಣಿಯವರು, ಹಿಟ್ಟು ನಾದಿದವರು, ಮೂಟೆ ಹೊತ್ತವರು, ಜೊತೆಗೆ ಆ ಅರಬ್ಬಿ ಹೆಸರು, ಎಲ್ಲವೂ ಮರೆತುಹೋಗುತ್ತೆ.

ಹೆಸರು ಮಾತ್ರ ಪೂರ್ತಿ ಹೋಗಿಲ್ಲ. ದಕ್ಷಿಣ ಇಟಲಿಯ ಪುಲ್ಯಾ ಪ್ರಾಂತ್ಯದಲ್ಲಿ ಕಡಲೆಕಾಳಿನ ಜೊತೆ ಬೇಯಿಸೋ ಪಾಸ್ತಾಗೆ ಇವತ್ತಿಗೂ ‘ಚಿಚೆರಿ ಎ ತ್ರಿಯಾ’ ಅಂತಾರೆ. ಆ ‘ತ್ರಿಯಾ’ ಅನ್ನೋದು ಅದೇ ಇತ್ರಿಯಾ.

ಇವತ್ತಿಗೆ ಇಷ್ಟು. ಮುಂದಿನ ವಾರ ಮತ್ತೊಂದು ಪದದ ಜೊತೆ ಸಿಗೋಣ.